ಮೈತುಂಬಿಕೊಂಡವಳಿಗೂ ಬರುವ ಊಟದ ಕಾಯಿಲೆ

ನಂಬಿಕೆ: ಊಟ ಬಿಡುವುದು ಹುಡುಗಿಯರ ಹಟ, ತೆಳ್ಳಗಾಗುವ ಹುಚ್ಚು.

ಸತ್ಯ: ಬರೀ ಹಟವಾಗಿದ್ದರೆ ಎರಡು ದಿನಕ್ಕೆ ಹಸಿವೇ ಅದನ್ನು ಮುರಿಯುತ್ತಿತ್ತು. ಇದು ಕಾಯಿಲೆ. ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲೇ ಇದಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರಿಟ್ಟರು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದು. ಹುಡುಗರನ್ನೂ ಬಿಡುವುದಿಲ್ಲ. ನಮ್ಮಲ್ಲಿ ಕೆಲವರು ‘ದಪ್ಪಗಾಗ್ತೀನಿ’ ಎಂದು ಬಾಯಿಬಿಡುವುದೇ ಇಲ್ಲ. ‘ಊಟ ಸೇರಲ್ಲ, ಹೊಟ್ಟೆ ಉಬ್ಬರಿಸುತ್ತೆ’ ಎನ್ನುತ್ತಾರೆ. ಮನೆಯವರು ಗ್ಯಾಸ್ಟ್ರಿಕ್ ಮಾತ್ರೆ ತರುತ್ತಾರೆ. ಇನ್ನು ಕೆಲವರಿಗೆ ಒಪ್ಪೊತ್ತೇ ಮರೆ. ಶನಿವಾರಕ್ಕಷ್ಟೇ ಇದ್ದ ಉಪವಾಸ ವಾರಕ್ಕೆ ನಾಲ್ಕಾದರೆ ಅದನ್ನು ಭಕ್ತಿಯ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ.

ನಂಬಿಕೆ: ಮೈಕೈ ತುಂಬಿಕೊಂಡಿದ್ದಾಳೆ, ಇವಳಿಗೆಲ್ಲಿಯ ಕಾಯಿಲೆ?

ಸತ್ಯ: ಬುಲಿಮಿಯಾ ಎಂಬ ಇನ್ನೊಂದು ಊಟದ ಕಾಯಿಲೆಯಲ್ಲಿ ತೂಕ ಸಾಮಾನ್ಯವಾಗಿಯೇ ಇರಬಹುದು. ತಡೆಯಲಾರದೆ ರಾಶಿ ತಿನ್ನುವುದು, ಆಮೇಲೆ ಬೆರಳು ಹಾಕಿ ಕಕ್ಕುವುದು ಅಥವಾ ಭೇದಿ ಮಾತ್ರೆ ನುಂಗುವುದು. 1979ರಲ್ಲಿ ಇದನ್ನು ವಿವರಿಸಿದ ಜೆರಾಲ್ಡ್ ರಸೆಲ್ ರೋಗಿಗಳ ಕೈಯನ್ನೂ ನೋಡಿದ್ದರು: ಮತ್ತೆ ಮತ್ತೆ ಹಲ್ಲಿಗೆ ತಾಗಿ ಬೆರಳ ಗೆಣ್ಣಿನ ಮೇಲೆ ಗಾಯ, ಜಡ್ಡುಗಟ್ಟಿದ ಚರ್ಮ. ಕಿವಿಯ ಕೆಳಗೆ ಕೆನ್ನೆ ಊದಿಕೊಂಡಿರಬಹುದು. ಹೊಟ್ಟೆಯ ಆಮ್ಲ ತಗುಲಿ ಹಲ್ಲಿನ ಒಳಬದಿ ಸವೆಯುವುದರಿಂದ ಕೆಲವೊಮ್ಮೆ ಮೊದಲು ಕಂಡುಹಿಡಿಯುವವರು ದಂತವೈದ್ಯರೇ. ಮನೆಯಲ್ಲಿ ಗಮನಿಸಬೇಕಾದ್ದು, ಊಟ ಮುಗಿದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುವ ಅಭ್ಯಾಸ. ವಾಂತಿಯಿಂದ ಪೊಟ್ಯಾಸಿಯಂ ಕುಸಿದರೆ ಹೃದಯದ ಬಡಿತ ತಪ್ಪಬಹುದು. ಆಗ ತೂಕದ ಯಂತ್ರ ಏನೂ ಹೇಳುವುದಿಲ್ಲ. ರಕ್ತಪರೀಕ್ಷೆ, ಇಸಿಜಿ ಬೇಕು.

ನಂಬಿಕೆ: ರಿಪೋರ್ಟ್ ನಾರ್ಮಲ್, ಗಾಬರಿಯಿಲ್ಲ.

ಸತ್ಯ: ಸೊರಗಿದ ದೇಹ ರಕ್ತದ ಅಂಕಿಗಳನ್ನು ಕೊನೆಯವರೆಗೂ ಸಂಭಾಳಿಸಬಲ್ಲದು. ಎಚ್ಚರವಿರುವಾಗಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಎದ್ದುನಿಂತರೆ ಕಣ್ಣು ಕತ್ತಲೆ ಬಂದರೆ, ಮುಟ್ಟು ನಿಂತಿದ್ದರೆ ತಡಮಾಡಬಾರದು.

ನಂಬಿಕೆ: ತುಪ್ಪ ಹಾಕಿ ನಾಲ್ಕು ದಿನ ಚೆನ್ನಾಗಿ ತಿನ್ನಿಸಿದರೆ ಸರಿಹೋಗುತ್ತಾಳೆ.

ಸತ್ಯ: ಅಜ್ಜಿಯ ಪ್ರೀತಿ ಅಪಾಯಕ್ಕೆ ತಿರುಗುವುದು ಇಲ್ಲೇ. ಬಹುದಿನ ಉಪವಾಸವಿದ್ದ ದೇಹ ಕೊಬ್ಬು ಕರಗಿಸಿ ಬದುಕಿರುತ್ತದೆ. ಒಮ್ಮೆಲೇ ಅನ್ನ, ಸಿಹಿ ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ಅಷ್ಟಿಷ್ಟು ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ಸರಿದುಬಿಡುತ್ತವೆ. ಹೃದಯ, ಉಸಿರು ಎರಡೂ ಸೋಲಬಹುದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಕೆಲವರು ಸತ್ತದ್ದು ಹೀಗೆ, ಊಟ ಸಿಕ್ಕಿದ ಮೇಲೆ. ‘ಸುಸ್ತು’ ಎಂದು ಗ್ಲೂಕೋಸ್ ಬಾಟಲಿ ಏರಿಸಿದರೂ ಇದೇ ಅಪಾಯ. ಅದಕ್ಕೇ ತೀರಾ ಸೊರಗಿದವರಿಗೆ ಆಸ್ಪತ್ರೆಯಲ್ಲಿ ಮೊದಲು ಥಯಾಮಿನ್ ಕೊಟ್ಟು, ಲವಣಗಳನ್ನು ದಿನವೂ ಅಳೆಯುತ್ತಾ ಊಟ ಹೆಚ್ಚಿಸುತ್ತಾರೆ.

ನಂಬಿಕೆ: ತಪ್ಪೆಲ್ಲ ತಾಯಿಯದು.

ಸತ್ಯ: ಹಳಸಲು ಮಾತು. ಹೆತ್ತವರು ಚಿಕಿತ್ಸೆಯಲ್ಲಿ ಜೊತೆಗಾರರು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ವಿಧಾನದಲ್ಲಿ ಮಕ್ಕಳ ತಟ್ಟೆಗೆ ಏನು, ಎಷ್ಟು ಎಂಬ ನಿರ್ಧಾರವನ್ನು ಸ್ವಲ್ಪ ಕಾಲ ತಂದೆತಾಯಿಯ ಕೈಗೇ ಕೊಡುತ್ತಾರೆ. ಹದಿಹರೆಯದ ಅನೊರೆಕ್ಸಿಯಾಕ್ಕೆ ಇದೇ ಮೊದಲ ಆಯ್ಕೆ. ಅದನ್ನು ವಾಸಿಮಾಡುವ ಮಾತ್ರೆ ಇಲ್ಲ. ಬುಲಿಮಿಯಾಕ್ಕೆ ಮಾತಿನ ಚಿಕಿತ್ಸೆಯೊಂದಿಗೆ ಫ್ಲೂಯೊಕ್ಸೆಟಿನ್ ಎಂಬ ಮಾತ್ರೆ ನೆರವಾಗುತ್ತದೆ.

ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು. ತಲೆಸುತ್ತಿ ಬಿದ್ದಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಡ್ರಿಪ್ ಹಾಕುವ ಮೊದಲೇ, ಎಷ್ಟು ದಿನದಿಂದ ಊಟವಿಲ್ಲ ಎಂಬುದನ್ನು ಡಾಕ್ಟರಿಗೆ ಹೇಳಿ.