ಏಳುನೂರು ಗಂಟೆಗಳ ತಾಳ್ಮೆ

ರಾಕ್ ಸಂಗೀತವೆಂದೊಡನೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಗಿಟಾರು, ಡ್ರಮ್ಮುಗಳ ಆ ಅಬ್ಬರದಲ್ಲಿ ಶಿಸ್ತೆಲ್ಲಿದೆ, ಸಾಧನೆಯೆಲ್ಲಿದೆ ಎಂಬುದು ಅವರ ಪ್ರಶ್ನೆ. ಮಕ್ಕಳಾದರೋ ಬೆರಳು ತಾಗಿಸಿದೊಡನೆ ಹಾಡು ಕೇಳಿಬರುವ ಕಾಲದಲ್ಲಿ ಬೆಳೆದವರು. ಅದರ ಹಿಂದಿನ ದುಡಿಮೆಯನ್ನು ಕಂಡವರಲ್ಲ. ಈ ಎರಡೂ ತಲೆಮಾರಿನವರು ಅರಿಯಬೇಕಾದ ಕತೆಯೊಂದಿದೆ. ಅದು ಲಂಡನ್ನಿನ ಆಬಿ ರೋಡಿನ ಸ್ಟುಡಿಯೊದಲ್ಲಿ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ ಆಲ್ಬಂ ರೂಪುಗೊಂಡ ಕತೆ.

ಬೀಟಲ್ಸ್ ತರುಣರು ತಮ್ಮ ಮೊದಲ ಆಲ್ಬಮಿನ ಹತ್ತು ಹಾಡುಗಳನ್ನು 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು. ಮೂರೇ ವರ್ಷಗಳಲ್ಲಿ ಕೀರ್ತಿ ಅವರಿಗೆ ಹೊರೆಯಾಯಿತು. ಅಭಿಮಾನಿಗಳ ಕಿರುಚಾಟದ ನಡುವೆ ತಮ್ಮ ವಾದನವೇ ತಮಗೆ ಕೇಳಿಸದಂತಾಯಿತು. ಕ್ರೈಸ್ತ ಧರ್ಮದ ಕುರಿತು ಜಾನ್ ಲೆನನ್ ಆಡಿದ ಮಾತು ಅಮೆರಿಕದಲ್ಲಿ ಕೋಲಾಹಲವೆಬ್ಬಿಸಿ, ಅವರು ಕ್ಷಮೆ ಕೋರಬೇಕಾಗಿ ಬಂದುದೂ 1966ರಲ್ಲಿಯೇ. ಆ ವರ್ಷದ ಆಗಸ್ಟ್ 29ರ ಸ್ಯಾನ್‌ಫ್ರಾನ್ಸಿಸ್ಕೊ ಕಾರ್ಯಕ್ರಮದೊಂದಿಗೆ ಅವರು ಸಂಗೀತ ಪ್ರವಾಸಗಳಿಗೆ ವಿದಾಯ ಹೇಳಿದರು. ನವೆಂಬರ್ 24ರಂದು ಸ್ಟುಡಿಯೊ ಸೇರಿದವರು ಕೆಲಸ ಮುಗಿಸಿದ್ದು 1967ರ ಏಪ್ರಿಲ್‌ನಲ್ಲಿ. ಅದಕ್ಕೆ ಹಿಡಿದ ಸಮಯ ಸುಮಾರು 700 ಗಂಟೆಗಳೆಂದು ಲೆಕ್ಕ ಹಾಕಲಾಗಿದೆ.

ಇಂದಿನ ಸಲಕರಣೆಗಳನ್ನು ಕಂಡವರಿಗೆ ಅಂದಿನ ಬಡತನ ಅಚ್ಚರಿ ತರುತ್ತದೆ. ಅಂದಿನ ಟೇಪಿನಲ್ಲಿ ಇದ್ದುದು ಕೇವಲ ನಾಲ್ಕು ಟ್ರ್ಯಾಕ್‌ಗಳು. ನಾಲ್ಕೂ ತುಂಬಿದ ಬಳಿಕ ಅವನ್ನು ಒಂದೆರಡಾಗಿ ಬೆರೆಸಿ ಇನ್ನೊಂದು ಯಂತ್ರಕ್ಕೆ ವರ್ಗಾಯಿಸಬೇಕು. ಉಳಿದ ಜಾಗದಲ್ಲಿ ಹೊಸ ದನಿಗಳನ್ನು ಸೇರಿಸಬೇಕು. ಒಮ್ಮೆ ಬೆರೆತ ದನಿಗಳನ್ನು ಮತ್ತೆ ಬೇರ್ಪಡಿಸುವಂತಿಲ್ಲ. ಪ್ರತಿ ವರ್ಗಾವಣೆಗೂ ಟೇಪಿನ 'ಸ್' ಎಂಬ ಸದ್ದು ಹೆಚ್ಚುತ್ತದೆ. ಆದುದರಿಂದ ಪ್ರತಿಯೊಂದು ಹೆಜ್ಜೆಯನ್ನೂ ಮುಂದಾಲೋಚನೆಯಿಂದಲೇ ಇಡಬೇಕಿತ್ತು.

ಈ ಮುಂದಾಲೋಚನೆಯ ಹೊಣೆ ಹೊತ್ತವರು ನಿರ್ಮಾಪಕ ಜಾರ್ಜ್ ಮಾರ್ಟಿನ್. ಅವರು ಬಡಗಿಯೊಬ್ಬರ ಮಗ. ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಲಂಡನ್ನಿನ ಸಂತ ಇಗ್ನೇಷಿಯಸ್ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದವರು. ಅನಂತರ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದವರು. ಸ್ವರಲಿಪಿ ಬಾರದ ಆ ತರುಣರು ಬಾಯಿಮಾತಿನಲ್ಲಿ ಬಣ್ಣಿಸಿದ ಕನಸುಗಳನ್ನು ವಾದ್ಯಗಾರರು ನುಡಿಸಬಲ್ಲ ಲಿಪಿಯಾಗಿ ಬರೆಯುವುದು ಅವರ ಕಾಯಕವಾಗಿತ್ತು.

'ಎ ಡೇ ಇನ್ ದ ಲೈಫ್' ಹಾಡಿನಲ್ಲಿ 24 ಮಾತ್ರೆಗಣಗಳ ಖಾಲಿ ಜಾಗವೊಂದಿತ್ತು. ಅದನ್ನು ತುಂಬಲು 1967ರ ಫೆಬ್ರವರಿ 10ರಂದು 40 ಮಂದಿ ವಾದ್ಯಗಾರರು ಬಂದರು. ಪ್ರತಿಯೊಬ್ಬರೂ ತಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ತೊಡಗಿ, ಪಕ್ಕದವರನ್ನು ಅನುಸರಿಸದೆ, ಮೆಲ್ಲಮೆಲ್ಲನೆ ಮೇಲೇರಬೇಕೆಂದು ಮಾರ್ಟಿನ್ ಸೂಚಿಸಿದರು. ಒಂದಾಗಿ ನುಡಿಸುವುದನ್ನೇ ಜೀವಮಾನವಿಡೀ ಕಲಿತವರಿಗೆ ಇದು ವಿಚಿತ್ರ ಆಜ್ಞೆ! ಆ ಏರುದನಿಯನ್ನು ಹಲವು ಬಾರಿ ಮುದ್ರಿಸಿ ಒಂದರ ಮೇಲೊಂದು ಪೇರಿಸಲಾಯಿತು. ಹಾಡಿನ ಕೊನೆಗೆ ಮೂರು ಪಿಯಾನೊಗಳಲ್ಲಿ ಹಲವು ಕೈಗಳು ಒಮ್ಮೆಗೇ ಬಾರಿಸಿದ ಸ್ವರಮೇಳವೊಂದಿದೆ. ಅದಕ್ಕೆ ನಮ್ಮ ದೇವಾಲಯಗಳಿಗೂ ಚಿರಪರಿಚಿತವಾದ ಹಾರ್ಮೋನಿಯಂ ದನಿಯೂ ಕೂಡಿದೆ. ನಾದ ಕ್ಷೀಣಿಸಿದಂತೆಲ್ಲ, ಆಗಿನ್ನೂ 21ರ ಹರೆಯದ ಧ್ವನಿತಂತ್ರಜ್ಞ ಜೆಫ್ ಎಮೆರಿಕ್ ಧ್ವನಿಮಟ್ಟವನ್ನು ಏರಿಸುತ್ತ ಹೋದರು. ಹೀಗೆ ಅದು 40 ಸೆಕೆಂಡಿಗೂ ಮಿಕ್ಕಿ ಉಳಿಯಿತು. ಕಿವಿಗೊಟ್ಟರೆ, ಕೊನೆಯಲ್ಲಿ ಕುರ್ಚಿಯೊಂದು ಕಿರುಗುಟ್ಟುವುದೂ ಕೇಳಿಸುತ್ತದೆ.

ಆದರೆ ನಮ್ಮನ್ನು ಹೆಚ್ಚಾಗಿ ತಟ್ಟುವುದು ಯಂತ್ರಗಳ ಚಮತ್ಕಾರವಲ್ಲ. ಪಾಲ್ ಮೆಕಾರ್ಟ್ನಿ ಪತ್ರಿಕೆಯಲ್ಲಿ ಓದಿದ ಸುದ್ದಿಯೊಂದರಿಂದ ಪ್ರೇರಿತರಾಗಿ, ಮನೆ ತೊರೆದು ಹೋಗುವ ಮಗಳೊಬ್ಬಳ ಹಾಗೂ ಅವಳ ಹೆತ್ತವರ ಅಳಲಿನ ಕುರಿತು 'ಶೀ ಈಸ್ ಲೀವಿಂಗ್ ಹೋಮ್' ಎಂಬ ಹಾಡನ್ನು ರಚಿಸಿದ್ದರು. ತಂತಿವಾದ್ಯಗಳ ಲಿಪಿ ಬರೆಯಲು ಮಾರ್ಟಿನ್ ಒಡನೆ ಬರಬೇಕೆಂದು ಅವರ ಬಯಕೆ. ಮಾರ್ಟಿನ್‌ಗೆ ಅಂದು ಬೇರೊಬ್ಬ ಗಾಯಕಿಯ ಕೆಲಸವಿತ್ತು. 24ರ ತರುಣ ಕಾಯಲಿಲ್ಲ. ಮೈಕ್ ಲಿಯಾಂಡರ್ ಎಂಬವರಿಂದ ಬರೆಯಿಸಿದರು. ಇದರಿಂದ ತಮ್ಮ ಮನಸ್ಸಿಗೆ ಬಹಳ ನೋವಾಯಿತೆಂದು ಮಾರ್ಟಿನ್ ಮುಂದೆ ಹೇಳಿಕೊಂಡಿದ್ದಾರೆ. ಆದರೂ 1967ರ ಮಾರ್ಚ್ 17ರಂದು 41ರ ಪ್ರಾಯದ ಆ ಹಿರಿಯರು, ಇನ್ನೊಬ್ಬರು ಬರೆದ ಲಿಪಿಯನ್ನು ಮುಂದಿಟ್ಟುಕೊಂಡು ತಾವೇ ನಿಂತು ವಾದ್ಯವೃಂದವನ್ನು ನಡೆಸಿದರು. ಹೆತ್ತವರ ನೋವನ್ನು ಹಾಡುವ ಆ ಗೀತೆ ಹೀಗೆ ಹಿರಿಯರೊಬ್ಬರು ನುಂಗಿಕೊಂಡ ನೋವಿನಿಂದಲೇ ಪೂರ್ಣಗೊಂಡಿತು.

ಅಂದು ಅವರು ಮುನಿಸಿಕೊಂಡು ಎದ್ದುಹೋಗಿದ್ದರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ಆದರೆ ಕೆಲಸ ನಿಲ್ಲುತ್ತಿತ್ತು, ನಂಬಿಕೆಯೂ ಮುರಿಯುತ್ತಿತ್ತು. ಅದೇ ಸಂಯಮದಿಂದ ಅವರು ಜಾರ್ಜ್ ಹ್ಯಾರಿಸನ್ ತಂದ ದಿಲ್‌ರುಬಾ, ತಬಲಾ, ತಂಬೂರಿಗಳ ಭಾರತೀಯ ಗೀತೆಗೆ ಪಾಶ್ಚಾತ್ಯ ತಂತಿವಾದ್ಯಗಳನ್ನು ಹೊಂದಿಸಿದರು. ಡ್ರಮ್ ವಾದಕ ರಿಂಗೊ ಸ್ಟಾರ್ ತಮ್ಮ ಸರದಿಗಾಗಿ ಕಾಯುತ್ತ ಕಾಯುತ್ತ ಚದುರಂಗವನ್ನೇ ಕಲಿತರು.

1967ರ ಮೇ ಕೊನೆಯಲ್ಲಿ ಹೊರಬಂದ ಈ ಕೃತಿ, ವರ್ಷದ ಶ್ರೇಷ್ಠ ಆಲ್ಬಮಿಗಾಗಿರುವ ಗ್ರ್ಯಾಮಿ ಪ್ರಶಸ್ತಿಯನ್ನು 1968ರಲ್ಲಿ ಪಡೆಯಿತು. ರಾಕ್ ಆಲ್ಬಮೊಂದಕ್ಕೆ ಆ ಗೌರವ ಸಂದುದು ಅದೇ ಮೊದಲು. ಮಾರ್ಟಿನ್ 2016ರ ಮಾರ್ಚ್ 8ರಂದು, ತುಂಬಿದ 90ರ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಧರ್ಮಕೇಂದ್ರಗಳ ಗಾಯನವೃಂದಗಳಲ್ಲಿಯೂ ತನ್ನ ಸಾಲನ್ನು ಬೇರೊಬ್ಬರಿಗೆ ಕೊಟ್ಟರೆಂದು ಮುನಿದು ದೂರ ಸರಿದವರುಂಟು; ಮಕ್ಕಳು ತಮ್ಮನ್ನು ಕೇಳಲಿಲ್ಲವೆಂದು ಕೈಚೆಲ್ಲಿದ ಹೆತ್ತವರೂ ಉಂಟು. ಕಿರಿಯರ ಆತುರ ತರುವ ನೋವು ನಿಜವೇ. ಅದನ್ನು ನೋವೆಂದು ಒಪ್ಪಿಕೊಂಡೂ ಅವರ ಕೆಲಸಕ್ಕೆ ಕೈ ಜೋಡಿಸುವುದು ಸಾಧ್ಯವೆಂಬುದಕ್ಕೆ ಮೂರೂವರೆ ನಿಮಿಷಗಳ ಆ ಹಾಡು ಇಂದಿಗೂ ಸಾಕ್ಷಿ. ಮನೆಯಲ್ಲಿ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಅದನ್ನೊಮ್ಮೆ ಆಲಿಸಲಿ.