ಟಯರಿಗೆ ತಕ್ಕ ಡಿಸ್ಕು, ಡಿಸ್ಕಿಗೆ ತಕ್ಕ ಟಯರು: ಜೇಜುರಿಯ ಬಾಬ್‌ಕ್ಯಾಟ್ ಮಾಲಕರು ಅರಿತಿರಬೇಕಾದ ಅರ್ಧ ಇಂಚಿನ ಲೆಕ್ಕ

ಜೇಜುರಿ (ಪುಣೆ): ಖಂಡೋಬನ ಗಡದ ಮೆಟ್ಟಿಲು ಹತ್ತುವ ಕನ್ನಡಿಗರಿಗೆ ಜೇಜುರಿ ಪರವೂರಲ್ಲ. ಇಲ್ಲಿನ ಖಂಡೋಬನೇ ನಮ್ಮ ಮೈಲಾರಲಿಂಗ. ಭಂಡಾರ ಹಾರಿಸುತ್ತ ಮರಾಠಿ ಭಕ್ತರು ಕೂಗುವ ‘ಯೆಳಕೋಟ್’ ನಮ್ಮ ‘ಏಳುಕೋಟಿ’ಯೇ ಎಂಬುದನ್ನು ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಡ ಇಳಿದು ಎಂಐಡಿಸಿಯ ಕಡೆಗೆ ಹೊರಳಿದರೆ ಅಲ್ಲಿರುವುದು ಬೇರೆಯೇ ಲೋಕ. ಕಾರ್ಖಾನೆಗಳು, ಗೋದಾಮುಗಳು, ಲಾರಿಗಳ ಸಾಲು. ಊರನ್ನು ಹಾದುಹೋಗುವ ಪಾಲಖಿ ಮಾರ್ಗದ ಅಗಲೀಕರಣಕ್ಕೆ 2021ರ ನವೆಂಬರ್ 8ರಂದು ಪ್ರಧಾನಿ ನರೇಂದ್ರ ಮೋದಿಯವರು ಶಿಲಾನ್ಯಾಸ ನೆರವೇರಿಸಿದರು. ಇಂಥ ಕಡೆಗಳಲ್ಲಿ ದೊಡ್ಡ ಜೆಸಿಬಿ ನುಗ್ಗಲಾಗದ ಇಕ್ಕಟ್ಟಿಗೆಲ್ಲ ನುಗ್ಗಿ, ನಿಂತ ಜಾಗದಲ್ಲೇ ಗಿರ್ರನೆ ತಿರುಗಿ ಕೆಲಸ ಮಾಡುವ ಪುಟ್ಟ ಯಂತ್ರವೊಂದಿದೆ. ಕಾಗದಪತ್ರಗಳಲ್ಲಿ ಅದರ ಹೆಸರು ಸ್ಕಿಡ್ ಸ್ಟಿಯರ್ ಲೋಡರ್. ಯಾವ ಕಂಪೆನಿಯದೇ ಇರಲಿ, ಜನರ ಬಾಯಲ್ಲಿ ಅದು ‘ಬಾಬ್‌ಕ್ಯಾಟ್’.

ಪುಣೆ ಜಿಲ್ಲೆಯ ರಸ್ತೆ ಮತ್ತು ಕಟ್ಟಡ ಕೆಲಸಗಳಲ್ಲಿ ಉತ್ತರ ಕರ್ನಾಟಕದವರು ಬಹಳ ಹಿಂದಿನಿಂದಲೂ ಇದ್ದಾರೆ. ಬುಟ್ಟಿಯಲ್ಲಿ ಮಣ್ಣು ಹೊತ್ತವರ ಮಕ್ಕಳು ಇಂದು ಯಂತ್ರದ ಆಪರೇಟರುಗಳಾಗಿದ್ದಾರೆ. ಸಾಲ ಮಾಡಿ ಹಳೆಯ ಯಂತ್ರವೊಂದನ್ನು ಕೊಂಡು ಬಾಡಿಗೆಗೆ ಬಿಟ್ಟವರೂ ಇದ್ದಾರೆ. ಡೀಸೆಲು, ಕಂತು, ಆಪರೇಟರನ ಪಗಾರ ಕಳೆದ ಮೇಲೆ ಇಂಥ ಮಾಲಕನ ಕೈಯಲ್ಲಿ ಉಳಿಯುವುದನ್ನು ನುಂಗುವ ಖರ್ಚು ಟಯರಿನದು. ಅದನ್ನು ಉಳಿಸಲು ಹೋಗಿ ಸಿಕ್ಕ ಟಯರನ್ನು ಸಿಕ್ಕ ಡಿಸ್ಕಿಗೆ ಹಾಕಿಸುವವರಿದ್ದಾರೆ. ಅಲ್ಲಿ ಹಣಕ್ಕಿಂತ ದೊಡ್ಡದು ಹೋಗುವ ಸಂಭವವಿದೆ. (ಪುಸ್ತಕದ ಮಾತಿನಲ್ಲಿ ರಿಮ್ ಎನ್ನುವುದನ್ನು ಗ್ಯಾರೇಜುಗಳಲ್ಲಿ ಡಿಸ್ಕ್ ಎನ್ನುವುದೇ ರೂಢಿ. ಇಲ್ಲಿಯೂ ಅದನ್ನೇ ಬಳಸಲಾಗಿದೆ.)

ಟರ್ಕಿ ಕೋಳಿಗಳ ಕೊಟ್ಟಿಗೆಯಿಂದ

ಈ ಯಂತ್ರ ಹುಟ್ಟಿದ ಕಥೆ ಸ್ವಾರಸ್ಯದ್ದು. ಅಮೆರಿಕದ ಮಿನೆಸೋಟ ರಾಜ್ಯದ ರೋಥ್‌ಸೇ ಎಂಬಲ್ಲಿ ಎಡ್ಡಿ ವೆಲೋ ಎಂಬ ರೈತ ಟರ್ಕಿ ಕೋಳಿಗಳನ್ನು ಸಾಕುತ್ತಿದ್ದ. ಕಂಬಗಳ ನಡುವೆ ತೂರಿ ಕೊಟ್ಟಿಗೆಯ ಗೊಬ್ಬರ ಎತ್ತುವ ಯಂತ್ರ ಅವನಿಗೆ ಬೇಕಿತ್ತು. ಅದೇ ಊರಿನಲ್ಲಿ ಕುಲುಮೆ ಇಟ್ಟುಕೊಂಡಿದ್ದ ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಸಹೋದರರು 1957ರಲ್ಲಿ ಅವನಿಗೆ ಮೂರು ಗಾಲಿಯ ಲೋಡರ್ ಮಾಡಿಕೊಟ್ಟರು. ಮುಂದೆ ಮೆಲ್ರೋ ಕಂಪೆನಿ ಅದನ್ನು ಕೈಗೆತ್ತಿಕೊಂಡಿತು. 1960ರಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಎಂ-400 ಮಾದರಿ ಬಂತು. 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಿತ್ತು.

ಟಯರಿನ ವಿಷಯದಲ್ಲಿ ಅರಿಯಬೇಕಾದುದೆಲ್ಲ ಆ ನಾಲ್ಕು ಗಾಲಿಗಳಲ್ಲೇ ಇದೆ. ಈ ಯಂತ್ರಕ್ಕೆ ಕಾರಿನಂತೆ ಮುಂದಿನ ಗಾಲಿ ಹೊರಳಿಸುವ ಸ್ಟಿಯರಿಂಗ್ ಇಲ್ಲ. ಎಡಗಡೆಯ ಎರಡು ಗಾಲಿಗಳಿಗೆ ಒಂದು ಹೈಡ್ರಾಲಿಕ್ ಮೋಟಾರು, ಬಲಗಡೆಯ ಎರಡಕ್ಕೆ ಇನ್ನೊಂದು. ಒಂದು ಬದಿಯ ಎರಡೂ ಗಾಲಿಗಳನ್ನು ಸಾಮಾನ್ಯವಾಗಿ ಚೈನು ಒಟ್ಟಿಗೇ ತಿರುಗಿಸುತ್ತದೆ. ಒಂದು ಬದಿ ವೇಗವಾಗಿ, ಇನ್ನೊಂದು ನಿಧಾನವಾಗಿ ಅಥವಾ ಹಿಂದಕ್ಕೆ ಓಡಿದಾಗ ಟಯರುಗಳು ನೆಲವನ್ನು ಉಜ್ಜಿಕೊಂಡು ಜಾರುತ್ತವೆ, ಯಂತ್ರ ತಿರುಗುತ್ತದೆ. ಅಂದರೆ ಪ್ರತಿ ತಿರುವಿನಲ್ಲೂ ರಬ್ಬರು ಸವೆಯಲೇಬೇಕು. ಕಾಂಕ್ರೀಟಿನ ಮೇಲೆ ಹೆಚ್ಚು, ಮಣ್ಣಿನ ಮೇಲೆ ಕಡಿಮೆ. ನಿಂತಲ್ಲೇ ಗಿರಕಿ ಹೊಡೆಸುವುದನ್ನು ಬಿಟ್ಟು ಸ್ವಲ್ಪ ದೊಡ್ಡ ಸುತ್ತು ಹಾಕಿ ತಿರುಗಿಸುವ ಆಪರೇಟರ್ ಮಾಲಕನಿಗೆ ಎಷ್ಟು ಉಳಿಸಿಕೊಡುತ್ತಾನೆಂಬುದು ಎಲ್ಲ ಮಾಲಕರಿಗೂ ಹೊಳೆಯುವುದಿಲ್ಲ.

ಜೋಡಿ ತಪ್ಪಿದರೆ ಚೈನಿಗೆ ಏಟು

ಒಂದು ಬದಿಯ ಎರಡು ಗಾಲಿಗಳು ಒಂದೇ ಚೈನಿಗೆ ಕಟ್ಟುಬಿದ್ದಿರುವುದರಿಂದ ಎರಡೂ ಒಂದು ಸುತ್ತಿಗೆ ಒಂದೇ ದೂರ ಸಾಗಬೇಕು. 10-16.5 ಅಳತೆಯ ಟಯರಿನ ವ್ಯಾಸ ಸುಮಾರು 77 ಸೆಂಟಿಮೀಟರ್, 12-16.5ರದು ಸುಮಾರು 83. ಇವೆರಡನ್ನು ಒಂದೇ ಬದಿಗೆ ಹಾಕುವ ಸಾಹಸವನ್ನು ಯಾರೂ ಮಾಡಲಾರರು, ಕಣ್ಣಿಗೇ ಕಾಣುತ್ತದೆ. ಆದರೆ ಹಳೆಯ ಟಯರೊಂದು ಸೀಳಿದಾಗ ಅದೊಂದನ್ನೇ ಬದಲಿಸಿ ಹೊಸದು ಹಾಕುವುದು ದಿನನಿತ್ಯದ ಮಾತು. ಲೆಕ್ಕ ಹಾಕಿ ನೋಡಿ. ಹಳೆಯ ಟಯರಿನ ಗುಂಡಿಗಳು ಒಂದು ಸೆಂಟಿಮೀಟರ್ ಸವೆದಿವೆ ಎನ್ನೋಣ. ಒಂದು ಸುತ್ತಿಗೆ ಅದು ಹೊಸದಕ್ಕಿಂತ 6 ಸೆಂಟಿಮೀಟರಿಗೂ ಹೆಚ್ಚು ಕಡಿಮೆ ದೂರ ಹೋಗುತ್ತದೆ. ನೂರು ಮೀಟರ್ ಸಾಗುವಷ್ಟರಲ್ಲಿ ಅಂತರ ಎರಡೂವರೆ ಮೀಟರ್. ಈ ಎರಡೂವರೆ ಮೀಟರನ್ನು ಯಾರಾದರೂ ತುಂಬಿಕೊಡಬೇಕಷ್ಟೆ. ಸಡಿಲ ಮಣ್ಣಿನಲ್ಲಿ ಟಯರು ಜಾರಿ ತುಂಬಿಕೊಡುತ್ತದೆ. ಗಟ್ಟಿ ನೆಲದಲ್ಲಿ ಟಯರಿನ ಜತೆಗೆ ಚೈನು, ಬೇರಿಂಗು, ಆಕ್ಸಲ್ ಎಲ್ಲವೂ ಎಳೆದಾಟಕ್ಕೆ ಸಿಲುಕುತ್ತವೆ. ಹೊಸ ಟಯರು ಕೊಂಡ ಸ್ವಲ್ಪ ದಿನಕ್ಕೆ ಚೈನಿನ ಸದ್ದು ಶುರುವಾಯಿತೆಂದು ದೂರುವವರು ಮೊದಲು ಅಳತೆಯ ಟೇಪು ಹಿಡಿಯುವುದು ಒಳಿತು.

ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಉತ್ತಮ. ಅಷ್ಟು ಹಣ ಕೂಡದಿದ್ದರೆ ಹೊಸ ಎರಡನ್ನು ಒಂದೇ ಬದಿಗೆ ಹಾಕಿಸಬೇಕು; ಕಾರಿಗೆ ಹಾಕುವಂತೆ ಮುಂದೆರಡು, ಹಿಂದೆರಡು ಎಂದಲ್ಲ. ಒಂದೇ ಅಳತೆ ಬರೆದಿದ್ದರೂ ಎರಡು ಕಂಪೆನಿಗಳ ಟಯರು ಕೂದಲೆಳೆಯಷ್ಟು ದೊಡ್ಡದು ಚಿಕ್ಕದು ಇರುತ್ತದೆ. ಹಾಗಾಗಿ ಒಂದೇ ಬದಿಯಲ್ಲಿ ಒಂದೇ ಕಂಪೆನಿ, ಒಂದೇ ನಮೂನೆ ಇರಲಿ. ಗಾಳಿಯೂ ಒಂದೇ ಸಮ ಇರಬೇಕು. ಖಾಲಿ ಬಕೆಟ್ ಇದ್ದಾಗ ಯಂತ್ರದ ಹೆಚ್ಚಿನ ಭಾರ ಹಿಂದಿನ ಗಾಲಿಗಳ ಮೇಲೆ, ಬಕೆಟ್ ತುಂಬಿದಾಗ ಮುಂದಿನವುಗಳ ಮೇಲೆ ಬೀಳುವುದರಿಂದ ಸವೆತ ಒಂದೇ ರೀತಿ ಇರುವುದಿಲ್ಲ. ನಡುನಡುವೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ ಸರಿದೂಗಿಸಬೇಕು.

ಹದಿನಾರು, ಹದಿನಾರೂವರೆ

ಇನ್ನು ಡಿಸ್ಕಿನ ವಿಷಯ. ಟಯರಿನ ಬದಿಯಲ್ಲಿ 10-16.5 ಎಂದು ಬರೆದಿದ್ದರೆ ಮೊದಲನೆಯದು ಟಯರಿನ ಅಗಲ, ಎರಡನೆಯದು ಡಿಸ್ಕಿನ ವ್ಯಾಸ, ಎರಡೂ ಇಂಚಿನಲ್ಲಿ. ಈ ಟಯರಿಗೆ 8.25 ಇಂಚು ಅಗಲದ ಡಿಸ್ಕು ಬೇಕು. ಅದಕ್ಕಿಂತ ದೊಡ್ಡದಾದ 12-16.5ಕ್ಕೆ 9.75 ಇಂಚಿನದು. ಎರಡರ ವ್ಯಾಸವೂ ಹದಿನಾರೂವರೆಯೇ ಆದ್ದರಿಂದ ದೊಡ್ಡ ಟಯರು ಚಿಕ್ಕ ಡಿಸ್ಕಿನ ಮೇಲೂ ಏರಿಬಿಡುತ್ತದೆ. ಏರಿದ ಮಾತ್ರಕ್ಕೆ ಜೋಡಿ ಕೂಡಿತೆಂದಲ್ಲ. ಬುಡ ಹಿಂಡಿದಂತಾಗಿ ಟಯರಿನ ನಡುಭಾಗ ಉಬ್ಬುತ್ತದೆ, ನಡುವೆ ಮಾತ್ರ ಸವೆಯುತ್ತದೆ, ಅಡ್ಡ ಜಾರುವಾಗ ಬೀಡ್ ಕಳಚಿ ಗಾಳಿ ಹೋಗುತ್ತದೆ.

ನಿಜವಾದ ಅಪಾಯ ಬೇರೆಯದು. ನಮ್ಮ ಟಯರು ಬಜಾರಿನಲ್ಲಿ ಹದಿನಾರು ಇಂಚಿನ ಟಯರುಗಳಿಗೆ ಬರವಿಲ್ಲ. ಮಿನಿ ಲಾರಿಯ 7.50-16, ಟ್ರ್ಯಾಕ್ಟರಿನ ಮುಂದಿನ ಗಾಲಿಯ 6.00-16, ಬ್ಯಾಕ್‌ಹೋ ಲೋಡರಿನ ಮುಂದಿನ ಗಾಲಿಗೆ ಬರುವ 9.00-16 ಎಲ್ಲ ಆ ಕುಲದವೇ. ಅರ್ಧ ಇಂಚಿಗೇನು ಮಹಾ, ರಬ್ಬರು ಹಿಗ್ಗುತ್ತದೆ ಎಂದು ಹದಿನಾರರ ಟಯರನ್ನು ಹದಿನಾರೂವರೆಯ ಡಿಸ್ಕಿಗೆ ಏರಿಸಲು ಹೋದರೆ ಅದು ಸಾವಿನ ಜತೆ ಆಟ. ರಬ್ಬರು ಹಿಗ್ಗಬಹುದು, ಆದರೆ ಟಯರಿನ ಬುಡದಲ್ಲಿರುವ ಉಕ್ಕಿನ ತಂತಿಯ ಬಳೆ ಹಿಗ್ಗದು. ಮೇಲಾಗಿ ಹದಿನಾರೂವರೆಯ ಡಿಸ್ಕಿನಲ್ಲಿ ಬೀಡ್ ಕೂರುವ ಜಾಗ 15 ಡಿಗ್ರಿ ಇಳಿಜಾರು, ಮಾಮೂಲಿ ಹದಿನಾರರಲ್ಲಿ ಅದು ಬಹುತೇಕ ಸಮತಟ್ಟು, 5 ಡಿಗ್ರಿ ಮಾತ್ರ. ಆದುದರಿಂದ ಬೀಡ್ ಅಂಚಿನವರೆಗೆ ಬಂದು ಕೂರುವುದೇ ಇಲ್ಲ. ‘ಇನ್ನೂ ಕೂತಿಲ್ಲ’ ಎಂದು ಫಿಟ್ಟರ್ ಮತ್ತಷ್ಟು ಗಾಳಿ ಬಿಡುತ್ತಾನೆ. ಒಂದು ಹಂತದಲ್ಲಿ ತಂತಿ ಕಡಿಯುತ್ತದೆ. ಆಗ ಡಿಸ್ಕು ಟಯರುಗಳು ಸಿಡಿಗುಂಡಿನಂತೆ ಹಾರುತ್ತವೆ, ಅವುಗಳ ಮೇಲೆ ಬಾಗಿ ಕುಳಿತವನು ಉಳಿಯುವುದು ಕಷ್ಟ. ಟಯರು ತಯಾರಕರು ಇದನ್ನು ಎಚ್ಚರಿಕೆಯಾಗಿ ಟಯರಿನ ಬದಿಯಲ್ಲೇ ಅಚ್ಚು ಹಾಕುವುದುಂಟು. ಓದುವವರು ಯಾರು?

ಸರಿಯಾದ ಜೋಡಿಗೂ ಮಿತಿಯುಂಟು. ಬೀಡ್ ಕೂರಿಸಲು 40 ಪಿಎಸ್‌ಐ ದಾಟಬಾರದು. ಕೆಲವು ಯಂತ್ರ ತಯಾರಕರು 35ಕ್ಕೇ ನಿಲ್ಲಿಸಿ ಎನ್ನುತ್ತಾರೆ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ಡಿಸ್ಕಿನ ತುಕ್ಕು ಉಜ್ಜಿ, ಸೋಪಿನ ನೀರು ಹಚ್ಚಿ ಮೊದಲಿನಿಂದ ಮಾಡಬೇಕು. ಗಾಳಿ ತುಂಬುವಾಗ ಟಯರು ಕಬ್ಬಿಣದ ಪಂಜರದೊಳಗಿರಬೇಕು, ಕಚ್ಚಿಕೊಳ್ಳುವ ಕ್ಲಿಪ್ಪು, ಉದ್ದನೆಯ ಪೈಪು ಬೇಕು, ಆಳು ಬದಿಗೆ ಸರಿದು ನಿಲ್ಲಬೇಕು. ಅಮೆರಿಕದಲ್ಲಿ 1980ರಷ್ಟು ಹಿಂದೆಯೇ ಈ ಕೆಲಸಕ್ಕೆ ಸರಕಾರಿ ನಿಯಮ ಬಂತು. ನಮ್ಮ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಗಳಲ್ಲಿ ಪಂಜರ ಕಾಣಸಿಗುವುದು ಅಪರೂಪ, ಹದಿನೈದರ ಹುಡುಗನೊಬ್ಬ ಟಯರಿನ ಮೇಲೆಯೇ ನಿಂತಿರುವುದು ಅಪರೂಪವಲ್ಲ. ಬಿರುಕು ಬಿಟ್ಟ ಡಿಸ್ಕಿಗೆ ಟಯರು ಬಿಚ್ಚದೆ ವೆಲ್ಡಿಂಗ್ ಮಾಡಿಸುವುದಂತೂ ಇದಕ್ಕಿಂತಲೂ ಕೆಟ್ಟದ್ದು. ಒಳಗಿನ ರಬ್ಬರು ಕಾದು ಅನಿಲವಾಗಿ ಟಯರು ಸ್ಫೋಟಿಸುತ್ತದೆ. ಗಾಳಿ ಬಿಟ್ಟಿದ್ದೇವೆ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

ಎಂಟು ತೂತು ಇದ್ದರೆ ಸಾಲದು

ಗುಜರಿಯಿಂದ ಡಿಸ್ಕು ತರುವವರು ಸಾಮಾನ್ಯವಾಗಿ ಎಣಿಸುವುದು ಬೋಲ್ಟಿನ ತೂತುಗಳನ್ನು. ಹೆಚ್ಚಿನ ಸ್ಕಿಡ್ ಸ್ಟಿಯರುಗಳಿಗೆ 8 ಇಂಚು ವ್ಯಾಸದ ಸುತ್ತಿನಲ್ಲಿ 8 ಬೋಲ್ಟು ಇರುತ್ತವೆ. ಎದುರುಬದುರು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಇದು ತಿಳಿಯುತ್ತದೆ. ಆದರೆ ನಡುವಿನ ದೊಡ್ಡ ತೂತು ಹಬ್ಬಿನ ಮೇಲೆ ಸರಿಯಾಗಿ ಕೂರಬೇಕು. ಹಾಗೆಯೇ ಬೋಲ್ಟು ಹಾಕುವ ತಟ್ಟೆ ಡಿಸ್ಕಿನ ಅಗಲದಲ್ಲಿ ಎಷ್ಟು ಒಳಗಿದೆ, ಎಷ್ಟು ಹೊರಗಿದೆ ಎಂಬುದನ್ನು ನೋಡಲೇಬೇಕು. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಒಳಗೆ ಹೆಚ್ಚಾದರೆ ಟಯರು ಯಂತ್ರದ ಮೈಗೆ ಉಜ್ಜುತ್ತದೆ, ಹೊರಗೆ ಹೆಚ್ಚಾದರೆ ಬೇರಿಂಗಿನ ಮೇಲೆ ಸನ್ನೆಗೋಲಿನಂತೆ ಭಾರ ಬೀಳುತ್ತದೆ. ಇನ್ನೊಂದು ಮಾತು ಗಮನದಲ್ಲಿರಲಿ: ಗಾಲಿಗಳ ಹೊರ ಅಂಚು ಬಕೆಟ್ಟಿನ ಅಗಲವನ್ನು ಮೀರಬಾರದು. ಮೀರಿದರೆ ಬಕೆಟ್ ಬಗೆದ ದಾರಿಯಲ್ಲಿ ಗಾಲಿ ಹಿಡಿಸದೆ, ಬಗೆಯದ ಗಡ್ಡೆಯ ಮೇಲೆ ಹತ್ತಿ ಯಂತ್ರ ವಾಲುತ್ತದೆ.

ನೆಲ ನೋಡಿ ಟಯರು

ಪುರಂದರ ತಾಲೂಕಿನ ನೆಲ ಟಯರಿಗೆ ಮೃದುವಲ್ಲ. ಎಲ್ಲಿ ಬಗೆದರೂ ಕರಿಗಲ್ಲು, ಮುರುಮು. ಒಡೆದ ಕರಿಗಲ್ಲಿನ ಅಂಚು ಚೂರಿಯಂತಿದ್ದು, ಗುಂಡಿಗಿಂತ ಮೊದಲು ಟಯರಿನ ಪಕ್ಕೆಯನ್ನೇ ಸೀಳುತ್ತದೆ. ಆದ್ದರಿಂದ ಇಲ್ಲಿ ರಸ್ತೆ ಕೆಲಸಕ್ಕೆ ದಪ್ಪ ಪಕ್ಕೆಯ, ಡಿಸ್ಕಿನ ಅಂಚನ್ನು ಕಾಯುವ ರಬ್ಬರಿನ ಏಣು ಇರುವ ಟಯರೇ ಸೂಕ್ತ. ಪ್ಲೈ ರೇಟಿಂಗ್ ಎಂಬುದು ಬಲದ ಗುರುತು. 10 ಎಂದಿದ್ದರೆ ಒಳಗೆ ಹತ್ತು ಪದರ ಇರಲೇಬೇಕೆಂದಿಲ್ಲ. 10-16.5ರಲ್ಲಿ 8 ಪ್ಲೈಗೆ ಸಾಮಾನ್ಯವಾಗಿ 60 ಪಿಎಸ್‌ಐ, 10 ಪ್ಲೈಗೆ 75ರವರೆಗೆ ಗಾಳಿ. ಕೊನೆಯ ಮಾತು ಆಯಾ ಟಯರಿನ ಮೇಲೆ ಬರೆದದ್ದೇ. ಬೆಳಿಗ್ಗೆ ಕೆಲಸಕ್ಕೆ ಮೊದಲು, ಟಯರು ತಣ್ಣಗಿರುವಾಗ ಅಳೆಯಬೇಕು. ಮಧ್ಯಾಹ್ನದ ಬಿಸಿಲಿಗೆ ಏರಿದ ಗಾಳಿಯನ್ನು ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಓಡಿಸಿದಂತಾಗುತ್ತದೆ.

ಕಾರ್ಖಾನೆಯ ಅಂಗಳದ ಲೆಕ್ಕ ಬೇರೆ. ಜೇಜುರಿಯ ಐಎಸ್‌ಎಂಟಿ ಉಕ್ಕಿನ ಘಟಕವು 2022ರಲ್ಲಿ ಕಿರ್ಲೋಸ್ಕರ್ ಫೆರಸ್ ಸಂಸ್ಥೆಯ ತೆಕ್ಕೆಗೆ ಬಂತು. ಕೊಪ್ಪಳದ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣದ ಕಾರ್ಖಾನೆ ನಡೆಸುವ ಸಂಸ್ಥೆಯೇ ಇದು ಎಂಬುದು ಕನ್ನಡಿಗರಿಗೆ ಆಪ್ತವಾದ ಸಂಗತಿ. ಉಕ್ಕು ಕರಗಿಸುವ ಯಾವ ಊರಿನಲ್ಲೇ ಆಗಲಿ ಕಿಟ್ಟ, ಗುಜರಿ, ತಗಡಿನ ಚೂರುಗಳ ನಡುವೆ ಗಾಳಿ ಟಯರು ಹೆಚ್ಚು ದಿನ ಬಾಳದು. ಅಲ್ಲಿಗೆ ಪೂರ್ತಿ ರಬ್ಬರಿನ ಸಾಲಿಡ್ ಟಯರು. ಬೆಲೆ ಹಲವು ಪಟ್ಟು, ತೂಕ ಜಾಸ್ತಿ, ಕುಲುಕಾಟಕ್ಕೆ ಆಪರೇಟರನ ಸೊಂಟ ಸಾಕ್ಷಿ. ಆದರೂ ಪಂಕ್ಚರಾಗಿ ಅರ್ಧ ದಿನ ಬಾಡಿಗೆ ಕಳೆದುಕೊಳ್ಳುವುದು ತಪ್ಪುತ್ತದೆ. ಗಾಳಿಯ ಬದಲು ಟಯರಿನೊಳಗೆ ಫೋಮ್ ತುಂಬಿಸುವುದು ನಡುವಿನ ದಾರಿ. ತಿಂಗಳಲ್ಲಿ ನಾಲ್ಕು ದಿನ ಕಾರ್ಖಾನೆ, ಉಳಿದ ದಿನ ಹೊಲದ ಕೆಲಸ ಇರುವ ಮಾಲಕನಿಗೆ ಮಾತ್ರ ಸಾಲಿಡ್ ಟಯರು ದಂಡದ ಖರ್ಚು. ಮಳೆಗಾಲದ ಕರಿಮಣ್ಣಿನಲ್ಲಿ ಆ ತೂಕವೇ ಹೂತುಕೊಳ್ಳಲು ಕಾರಣ.

ಟಯರಿನ ಬದಿಯಲ್ಲಿ ಎನ್‌ಎಚ್‌ಎಸ್ ಎಂಬ ಮೂರಕ್ಷರ ಇರುತ್ತದೆ. ಹೆದ್ದಾರಿಯ ಓಟಕ್ಕಲ್ಲ ಎಂದು ಅದರ ಅರ್ಥ. ಜೇಜುರಿಯಿಂದ ಮೋರಗಾಂವ್ ಹದಿನೇಳೇ ಕಿಲೋಮೀಟರು, ಟೆಂಪೋ ಬಾಡಿಗೆ ಯಾಕೆ ಎಂದು ಡಾಂಬರಿನ ಮೇಲೆ ಓಡಿಸಿಕೊಂಡು ಹೋದರೆ ಉಳಿಸಿದ ಬಾಡಿಗೆ ರಬ್ಬರಿನ ರೂಪದಲ್ಲಿ ರಸ್ತೆಗೆ ಅಂಟುತ್ತದೆ.

ಟಯರು, ಡಿಸ್ಕು ಎರಡೂ ಸರಿಯಾದ ಮೇಲೆ ಉಳಿಯುವುದು ನಟ್ಟುಗಳು. ಒಂದನ್ನು ಬಿಗಿದ ಬಳಿಕ ಪಕ್ಕದ್ದಕ್ಕೆ ಹೋಗದೆ ಎದುರಿನದನ್ನು ಬಿಗಿಯಬೇಕು. ಕಂಪೆನಿಯ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಇರಲು ಟಾರ್ಕ್ ಪಾನಾ ಬಳಸಬೇಕು. ಹೊಸ ಡಿಸ್ಕು ಒಂದೆರಡು ಗಂಟೆ ಕೆಲಸ ಮಾಡಿದಾಗ ಬಣ್ಣ, ತುಕ್ಕು ಅಮುಕಿ ನಟ್ಟು ಸಡಿಲವಾಗುವುದು ಸಹಜ. ಹಾಗಾಗಿ ಮೊದಲ ದಿನ ಚಹದ ಹೊತ್ತಿಗೆ ಒಮ್ಮೆ, ಸಂಜೆ ಯಂತ್ರ ನಿಲ್ಲಿಸುವಾಗ ಇನ್ನೊಮ್ಮೆ ಎಂಟೂ ನಟ್ಟಿಗೆ ಪಾನಾ ಹಾಕಿ ನೋಡಬೇಕು.