ಕಡತ ಏರಿಸುವಾಗ ಸರ್ವರ್ ಏಕೆ ಮುಗ್ಗರಿಸುತ್ತದೆ?

‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕೇಳದವರು ವಿರಳ. 2023ರಲ್ಲಿ ಕಾವೇರಿ 2.0 ತಂತ್ರಾಂಶ ರಾಜ್ಯದಾದ್ಯಂತ ಜಾರಿಗೆ ಬಂದ ಮೇಲೆ ಆಸ್ತಿ ನೋಂದಣಿಯ ಕ್ರಮವೇ ಬದಲಾಗಿದೆ. ಕ್ರಯಪತ್ರ, ಪಾಲುಪಟ್ಟಿಗಳ ಪ್ರತಿಯನ್ನು ಮೊದಲೇ ಅಂತರಜಾಲದ ಮೂಲಕ ಕಳುಹಿಸಬೇಕು. ಹೆಬ್ಬೆಟ್ಟು, ಭಾವಚಿತ್ರಕ್ಕೆ ಮಾತ್ರ ಆಮೇಲೆ ಕಚೇರಿಗೆ ಹೋಗಬೇಕು. 2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಾಯಿಸಬಹುದು. ಬೆಳ್ತಂಗಡಿಯ ತೋಟದ ಪತ್ರ ಮೂಡುಬಿದಿರೆಯಲ್ಲೂ ಆದೀತು. ಕಚೇರಿ ಹಲವು, ಕಡತ ಸೇರುವ ಉಗ್ರಾಣ ಮಾತ್ರ ಒಂದೇ. ಅದು ತಡೆದು ನಿಂತರೆ ಕೆಲಸ ಬಿಟ್ಟು ಪೇಟೆಗೆ ಇಳಿದು ಬಂದವರ ಒಂದು ದಿನದ ಸಂಬಳ ಹೋದಂತೆಯೇ.

ಇಂಥ ವ್ಯವಸ್ಥೆಗಳನ್ನು ಜನರಿಗೆ ಒಪ್ಪಿಸುವ ಮುನ್ನ ‘ಲೋಡ್ ಟೆಸ್ಟ್’ ಅಂದರೆ ಹೊರೆ ಪರೀಕ್ಷೆ ಮಾಡಬೇಕು. ನೂರಾರು ಜನ ಏಕಕಾಲಕ್ಕೆ ಕೋರಿಕೆ ಕಳುಹಿಸಿದಂತೆ ಜೆಮೀಟರ್ ಮುಂತಾದ ಸಾಧನಗಳಿಂದ ನಟಿಸಿ, ಎಪಿಐ ಎಂಬ ಸ್ವೀಕಾರದ ಕಿಂಡಿ ಎಷ್ಟು ತಡೆದೀತು ಎಂದು ನೋಡುವುದು ಇದರ ಉದ್ದೇಶ. ಹೆಸರು, ಸರ್ವೆ ನಂಬರುಗಳ ಕೋರಿಕೆಗಳು ಸಲೀಸಾಗಿ ಹೋಗಿ, ಕಡತ ಏರಿಸುವ ಕೋರಿಕೆ ಮಾತ್ರ ಸೋಲುವುದು ಇಲ್ಲಿ ಸಾಮಾನ್ಯ. ಹಾಗಾದಾಗ ಹುಡುಕುವ ಕ್ರಮ ಹೀಗೆ.

ಮೊದಲು ಒಬ್ಬನೇ ಬಳಕೆದಾರ

ಹೊರೆ ಹೆಚ್ಚಿಸುವ ಮೊದಲು ಒಂದೇ ಕೋರಿಕೆ ಕಳುಹಿಸಿ ನೋಡಬೇಕು. ಅದೇ ಸೋತರೆ ದೋಷ ಹೊರೆಯದಲ್ಲ, ಕೋರಿಕೆಯ ರಚನೆಯದು. ಒಂದೇ ಲಾರಿಯಲ್ಲಿ ಹಳೆ ಅಡಿಕೆ, ಪಟೋರ, ಕೋಕಗಳನ್ನು ತುಂಬುವಾಗ ನಡುವೆ ಅಡ್ಡ ಗುರುತು ಇಡುತ್ತಾರಷ್ಟೆ. ಕಡತ ಮತ್ತು ಇತರ ವಿವರಗಳು ಒಟ್ಟಿಗೆ ಹೋಗುವ ‘ಮಲ್ಟಿಪಾರ್ಟ್’ ಕೋರಿಕೆಯಲ್ಲೂ ಅಂಥ ಗುರುತು ಇರುತ್ತದೆ, ಅದೇ ಬೌಂಡರಿ. ಸಾಧನ ಅದನ್ನು ತಾನೇ ಸೇರಿಸುತ್ತದೆ. ಪರೀಕ್ಷಕ ಕಂಟೆಂಟ್-ಟೈಪ್ ಎಂಬ ತಲೆಬರಹವನ್ನು ಕೈಯಾರೆ ಬರೆದರೆ ಬೌಂಡರಿ ಬಿಟ್ಟುಹೋಗಿ, ಸರ್ವರಿಗೆ ಯಾವುದು ಎಲ್ಲಿ ಮುಗಿಯಿತೆಂದು ತಿಳಿಯದೆ ಸಾಮಾನ್ಯವಾಗಿ 400 ಎಂಬ ಉತ್ತರ ಬರುತ್ತದೆ. ಆ ಕೈಬರಹವನ್ನು ತೆಗೆದರೆ ಸಾಕು.

ಉತ್ತರದ ಸಂಖ್ಯೆಯೇ ಸುಳಿವು. 401 ಬಂದರೆ ಪ್ರವೇಶದ ಗುರುತುಚೀಟಿ ಇಲ್ಲ ಅಥವಾ ಅವಧಿ ಮೀರಿದೆ. 413 ಆದರೆ ಕಡತ ಮಿತಿಗಿಂತ ದೊಡ್ಡದು. 415 ಆದರೆ ಕಡತದ ಬಗೆ ಒಪ್ಪಿಗೆಯಾಗಿಲ್ಲ. ಎಂಜಿನ್‌ಎಕ್ಸ್ ಸರ್ವರಿನಲ್ಲಿ ಬದಲಾಯಿಸದಿದ್ದರೆ ಮಿತಿ 1 ಮೆಗಾಬೈಟ್ ಮಾತ್ರ. ಸ್ಕ್ಯಾನ್ ಮಾಡಿದ ಕೆಲವು ಪುಟಗಳೇ ಅದನ್ನು ದಾಟಬಲ್ಲವು. ಕಡತವೇ ಸಿಗಲಿಲ್ಲ ಎಂಬ ಸೂಚನೆ ಬಂದರೆ, ಪರೀಕ್ಷೆ ನಡೆಸುವ ಯಂತ್ರದಲ್ಲಿ ಆ ದಾರಿಯಲ್ಲಿ ಕಡತ ಇಲ್ಲವೆಂದರ್ಥ. ಹಲವು ಯಂತ್ರಗಳಿಂದ ಪರೀಕ್ಷಿಸುವಾಗ ಪ್ರತಿಯೊಂದರಲ್ಲೂ ಕಡತ ಇಟ್ಟಿರಬೇಕು.

ಆಮೇಲೆ ಲೆಕ್ಕ

ಒಂದು ಕೋರಿಕೆ ಗೆದ್ದು ನೂರು ಸೋತರೆ ಕಾಗದ, ಪೆನ್ಸಿಲು ಹಿಡಿಯಬೇಕು. 2 ಮೆಗಾಬೈಟಿನ ಪತ್ರವನ್ನು 100 ಮಂದಿ ಒಮ್ಮೆಲೇ ಕಳುಹಿಸಿದರೆ 200 ಮೆಗಾಬೈಟ್, ಅಂದರೆ 1,600 ಮೆಗಾಬಿಟ್. ಪರೀಕ್ಷಕನ ತಂತಿ ಸೆಕೆಂಡಿಗೆ 100 ಮೆಗಾಬಿಟ್‌ನದಾದರೆ, ಸರ್ವರ್ ಎಷ್ಟೇ ಚುರುಕಾಗಿದ್ದರೂ ಎಲ್ಲವೂ ತಲುಪಲು ಕನಿಷ್ಠ 16 ಸೆಕೆಂಡು ಬೇಕು. ಇಲ್ಲಿ ಸರ್ವರನ್ನು ದೂರಿ ಫಲವಿಲ್ಲ. ಸರ್ವರಿನ ಕಡೆ ತಾತ್ಕಾಲಿಕ ಕಡತಗಳಿಂದ ಡಿಸ್ಕ್ ತುಂಬಿದೆಯೇ, ಸ್ಮರಣೆ ಸಾಲುತ್ತಿದೆಯೇ ಎಂದೂ ಪರೀಕ್ಷೆಯ ವೇಳೆಯಲ್ಲೇ ನೋಡುತ್ತಿರಬೇಕು.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಘಟ್ಟದ ಬುಡದ ಹಳ್ಳಿಯಲ್ಲಿ, ಮಳೆಗಾಲದಲ್ಲಿ, ಸೆಕೆಂಡಿಗೆ 256 ಕಿಲೋಬಿಟ್ ವೇಗವಷ್ಟೇ ಸಿಕ್ಕಿತೆನ್ನಿ. ಅದೇ 2 ಮೆಗಾಬೈಟಿಗೆ 62 ಸೆಕೆಂಡು ದಾಟುತ್ತದೆ. ಒಟ್ಟು 60 ಸೆಕೆಂಡಿನ ಗಡುವು ಇಟ್ಟಿದ್ದರೆ ಕೊನೆಯ ಹಂತದಲ್ಲಿ ಕೈಕೊಡುವುದು ಖಚಿತ. ಬೆಂಗಳೂರಿನ ವೇಗದ ತಂತಿಯಲ್ಲಿ ನಡೆದ ಪರೀಕ್ಷೆಗೆ ಈ ಸೋಲು ಕಾಣುವುದೇ ಇಲ್ಲ. ಆದ್ದರಿಂದ ನಿಧಾನ ಸಂಪರ್ಕವನ್ನೂ ಬೇರೆಬೇರೆ ಗಾತ್ರದ ಕಡತಗಳನ್ನೂ ಪರೀಕ್ಷೆಗೆ ಸೇರಿಸಬೇಕು.

ಹೊರೆ ಎಷ್ಟಿರಬೇಕು? ಸಾಮಾನ್ಯ ದಿನದ್ದು ಸಾಲದು. 2023ರ ಅಕ್ಟೋಬರ್ 1ರಿಂದ ಹೊಸ ಮಾರ್ಗಸೂಚಿ ದರ ಜಾರಿಗೆ ಬರುವ ಮುನ್ನ ರಾಜ್ಯದ ಉಪನೋಂದಣಿ ಕಚೇರಿಗಳಿಗೆ ಜನ ಮುಗಿಬಿದ್ದರು. ಅಂಥ ವಾರವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಸೂಕ್ತ.

ಒಂದು ಎಚ್ಚರಿಕೆ. ಈ ಪರೀಕ್ಷೆಯನ್ನು ತಮ್ಮದೇ ಪ್ರತಿಕೃತಿ ಸರ್ವರಿನ ಮೇಲೆ, ಅನುಮತಿ ಪಡೆದು, ಕಲ್ಪಿತ ಪತ್ರಗಳಿಂದ ಮಾತ್ರ ನಡೆಸಬೇಕು. 2025ರ ಜನವರಿಯಲ್ಲಿ ಕಾವೇರಿ 2.0ರ ಮೇಲೆ ಯಾರೋ ಸುಳ್ಳು ಕೋರಿಕೆಗಳ ಮಳೆಗರೆದು ನೋಂದಣಿಗೆ ಅಡ್ಡಿಯಾದಾಗ ಪೊಲೀಸರಿಗೆ ದೂರು ಹೋಯಿತು. ಪರೀಕ್ಷೆಗೂ ದಾಳಿಗೂ ಇರುವ ಅಂತರ ಅನುಮತಿ ಒಂದೇ. ಕಿಂಡಿಯ ಮುಂದೆ ನಿಂತವರಿಗಂತೂ ಎರಡರ ಫಲವೂ ‘ನಾಳೆ ಬನ್ನಿ’ ಎಂಬುದೇ.